ಮ್ಹೈಸಾಳದ ಪೈಪು ಮತ್ತು ಒತ್ತಡದ ಪರೀಕ್ಷೆ

ನಮ್ಮ ಜತ್ತ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಮ್ಹೈಸಾಳ ಎಂದರೆ ಊರಿನ ಹೆಸರಲ್ಲ, ನೀರಿನ ಹೆಸರು. ಮಿರಜ ತಾಲೂಕಿನ ಆ ಊರಿನ ಬಳಿ ಕೃಷ್ಣೆಯ ನೀರನ್ನೆತ್ತಿ ಹಂತಹಂತವಾಗಿ ಬರದ ಊರುಗಳಿಗೆ ತರುವ ಯೋಜನೆಗೆ ಮಂಜೂರಿ ಸಿಕ್ಕಿದ್ದು 1984ರಲ್ಲಿ. ಕಾದು ಬೇಸತ್ತ ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದು, 2022ರಲ್ಲಿ ಅದೇ ಮಾತಿಗೆ ಎರಡೂ ರಾಜ್ಯಗಳಲ್ಲಿ ಗದ್ದಲವಾದದ್ದು ನಿಮಗೆ ನೆನಪಿರಬಹುದು. ಆ ರಾಜಕೀಯ ಬರೆಯುವವರು ಬಹಳ ಜನ ಇದ್ದಾರೆ. ಇಂಥ ನೀರೆತ್ತುವ ಪೈಪುಗಳನ್ನು ಪರೀಕ್ಷೆ ಮಾಡುವ ಕೂಲಿಯವರ ಬಗ್ಗೆ ಬರೆದದ್ದು ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಪರೀಕ್ಷೆಯ ಕತೆ ಹಳೆಯದು. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಒಡೆದು ಹಲವರು ಸತ್ತರು. ಮರುವರ್ಷ ಬಂಗಾಲದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. ಮುಂದೆ ಬೇರೆ ಪ್ರಾಂತಗಳೂ ತಮ್ಮ ತಮ್ಮ ಕಾನೂನು ಮಾಡಿಕೊಂಡವು, 1923ರಲ್ಲಿ ಎಲ್ಲಕ್ಕೂ ಒಂದೇ ಕಾಯಿದೆಯಾಯಿತು. ಆದರೆ ಅದು ಬ್ರಿಟಿಷ್ ಇಂಡಿಯಾದ ಕಾಯಿದೆ. ಸಾಂಗ್ಲಿ, ಮಿರಜ ಆಗ ಪಟವರ್ಧನರ ಸಂಸ್ಥಾನಗಳು.

ಕಾರಖಾನೆಗಳು ಮಾತ್ರ ಕಾನೂನಿಗೆ ಕಾಯಲಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಬೆಳಗಾವಿ ಬಿಟ್ಟು ಔಂಧ ಸಂಸ್ಥಾನದ ಕುಂಡಲ ಬಳಿಯ ಪಾಳುಭೂಮಿಗೆ ಬಂದರು. ಅದೇ ಈಗ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. 1926ರಲ್ಲಿ ಅಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ಪಂಪಿನ ಎರಕದಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು. ಬಾಯಿ ಮುಚ್ಚಿ, ನೀರು ತುಂಬಿ ಒತ್ತಿದರೆ ಹನಿ ಕಾಣುತ್ತದೆ. ಪಂಪು ಮಾಡುವ ಕಡೆಯೆಲ್ಲ ಇದೇ ರೂಢಿ. ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಅದೇ ವರ್ಷದ ಫ್ಯಾಕ್ಟರಿ ಕಾಯಿದೆ, ಒತ್ತಡದ ಯಂತ್ರಗಳು ಮಿತಿ ಮೀರದಂತೆ ನೋಡಿಕೊಳ್ಳಬೇಕೆಂದು ಬರೆಯಿತು. (ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಬಂದಿದೆ.)

ಹಾಗಾದರೆ ಅಪಾಯ ಎಲ್ಲಿದೆ? ಕಾರಖಾನೆಯಲ್ಲಿ ಪರೀಕ್ಷೆಗೆ ಬೇರೆ ಜಾಗ, ಬೇಲಿ ಇರುತ್ತದೆ. ನಮ್ಮ ಕಡೆಯ ಪೈಪಿನ ಪರೀಕ್ಷೆ ಬಯಲಿನಲ್ಲಿ, ಜೋಳದ ಹೊಲದ ನಡುವೆ. ಒಂದು ಮೀಟರ್ ಅಗಲದ ಪೈಪು ಒಂದು ಕಿಲೋಮೀಟರ್ ಉದ್ದವಿದ್ದರೆ ತುಂಬಲು ಸುಮಾರು 7,85,000 ಲೀಟರ್ ನೀರು ಬೇಕು. ಎಂದರೆ 12,000 ಲೀಟರಿನ 66 ಟ್ಯಾಂಕರು! ಕುಡಿಯಲು ಟ್ಯಾಂಕರ್ ಕಾಯುವ ಊರಿನಲ್ಲಿ ಅಷ್ಟು ನೀರು ಎಲ್ಲಿಂದ ತರುವುದು? ಕಂಪ್ರೆಸರ್ ಹಚ್ಚಿ ಗಾಳಿ ತುಂಬಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುವುದು ಸಹಜ.

ಅಲ್ಲೇ ಇದೆ ಸಾವು. ನೀರು ಒತ್ತಿದರೆ ಹೆಚ್ಚು ಕುಗ್ಗುವುದಿಲ್ಲ. ಒಂದು ಕಡೆ ಸೀಳಿದರೆ ಸ್ವಲ್ಪ ಚಿಮ್ಮಿ ಒತ್ತಡ ಬಿದ್ದುಹೋಗುತ್ತದೆ. ಗಾಳಿ ಕುಗ್ಗಿ ಕೂತಿರುತ್ತದೆ, ಸ್ಪ್ರಿಂಗಿನ ಹಾಗೆ. ಒಂದು ಘನ ಮೀಟರ್ ನೀರನ್ನು ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡಕ್ಕೆ ಏರಿಸಿದರೆ ಅದರಲ್ಲಿ ಸೇರುವ ಶಕ್ತಿ, ತುಂಬಿದ ಕೊಡವೊಂದನ್ನು ಎರಡು ಮೀಟರ್ ಎತ್ತಿದಷ್ಟು. ಅಷ್ಟೇ ಜಾಗದಲ್ಲಿ ಅಷ್ಟೇ ಒತ್ತಡದ ಗಾಳಿಯಲ್ಲಿರುವ ಶಕ್ತಿ, ಒಂದು ಟನ್ ಭಾರವನ್ನು ನೂರು ಮೀಟರಿಗೂ ಮೇಲೆ ಎತ್ತಿದಷ್ಟು. ಆ ಒಂದು ಕಿಲೋಮೀಟರ್ ಪೈಪಿನ ತುಂಬ ಗಾಳಿ ಎಂದರೆ ಇನ್ನೂರು ಕಿಲೋಗೂ ಹೆಚ್ಚು ಟಿಎನ್‌ಟಿಗೆ ಸಮ.

ನೀರು ತುಂಬಿದರೆ ಎಲ್ಲ ಕ್ಷೇಮ ಎಂದೂ ಅಲ್ಲ. ಏರಿನ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಅದೇ ಸ್ಪ್ರಿಂಗ್. ಅದಕ್ಕೇ ತಗ್ಗಿನಿಂದ ನಿಧಾನ ತುಂಬಬೇಕು, ಎತ್ತರದ ಏರ್ ವಾಲ್ವ್‌ನಿಂದ ಗಾಳಿಯೆಲ್ಲ ಹೋಗಲು ಬಿಡಬೇಕು. ಇನ್ನು ಪೈಪಿನ ತುದಿ ಮುಚ್ಚುವ ಡಮ್ಮಿ ಪ್ಲೇಟು. 10 ಕಿಲೋ ಒತ್ತಡದಲ್ಲಿ ಮೀಟರ್ ಅಗಲದ ಆ ಪ್ಲೇಟಿನ ಮೇಲೆ ಬೀಳುವ ಭಾರ 78 ಟನ್! ಪರೀಕ್ಷೆ ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು, ಹಾಗಾಗಿ ಭಾರವೂ ಅಷ್ಟೇ ಏರುತ್ತದೆ. ಹಿಂದಿನ ಕಾಂಕ್ರೀಟು ಇನ್ನೂ ಹಸಿಯಿದ್ದರೆ, ನಟ್‌ಬೋಲ್ಟ್ ಕಡಿಮೆ ಹಾಕಿದ್ದರೆ, ಪ್ಲೇಟು ಹಾರುತ್ತದೆ. ಹನಿಯುವುದನ್ನು ನೋಡಿ ಪಾನಾ ಹಿಡಿದು ಬಿಗಿ ಮಾಡಲು ಹೋಗುವವನು ನಿಲ್ಲುವುದೂ ಅದರ ಎದುರಿಗೇ. ಒತ್ತಡ ಪೂರ್ತಿ ಇಳಿಸದೆ ಬೋಲ್ಟಿಗೆ ಕೈ ಹಚ್ಚಬಾರದು. ನೋಡಲು ನೆರೆದ ಮಕ್ಕಳನ್ನು ಮೊದಲೇ ದೂರ ಕಳಿಸಬೇಕು.

ಖಾಲಿ ಮಾಡುವಾಗಲೂ ಏರ್ ವಾಲ್ವ್ ತೆರೆದಿರಬೇಕು, ಇಲ್ಲವಾದರೆ ತೆಳು ಪೈಪು ಒಳಕ್ಕೆ ಚಪ್ಪಟೆಯಾಗುತ್ತದೆ. ಹೊರಬಂದ ನೀರನ್ನು ಹಳ್ಳಕ್ಕೆ ಬಿಡದೆ ಮುಂದಿನ ತುಂಡಿಗೆ ಪಂಪು ಮಾಡಿಕೊಂಡರೆ ಆ 66 ಟ್ಯಾಂಕರಿನ ಖರ್ಚು ಪ್ರತಿ ಕಿಲೋಮೀಟರಿಗೂ ಬರುವುದಿಲ್ಲ.