ನೆರಳನ್ನು ಓದುವ ವಿದ್ಯೆ

ಇಳಕಲ್ ಸೀರೆಯಲ್ಲಿ ಗಂಟೊಂದು ಉಳಿದರೆ ನೇಕಾರನ ಕಣ್ಣಿಗೆ ಕೂಡಲೇ ಬೀಳುತ್ತದೆ. ಹಾಸಿನಲ್ಲಿ ಅದೇ ಬಣ್ಣದ ಎಳೆಯೊಂದು ಹೆಚ್ಚಾಗಿ ಸೇರಿದರೆ ಬೇಗ ಗೊತ್ತಾಗದು. ಸ್ತನ ಕ್ಯಾನ್ಸರಿನ ಕ್ಷ-ಕಿರಣ ಚಿತ್ರ, ಅಂದರೆ ಮ್ಯಾಮೊಗ್ರಾಮ್, ಓದುವ ವೈದ್ಯರ ಕಷ್ಟವೂ ಇಂಥದೇ.

ರಾಂಟ್‌ಜೆನ್ ಕ್ಷ-ಕಿರಣ ಕಂಡುಹಿಡಿದದ್ದು 1895ರಲ್ಲಿ. 1913ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್, ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3,000 ಸ್ತನಗಳ ಚಿತ್ರ ತೆಗೆದು ಪರೀಕ್ಷಿಸಿದರು. ಕ್ಯಾನ್ಸರುಗಳೆಲ್ಲ ಒಂದೇ ಬಗೆಯಾಗಿ ಕಾಣುವುದಿಲ್ಲ ಎಂಬುದು ಆಗಲೇ ತಿಳಿಯಿತು. ಮುಂದೆ ಉರುಗ್ವೆಯ ರಾವುಲ್ ಲೆಬೋರ್ನ್ ಸ್ತನವನ್ನು ಒತ್ತಿ ಹಿಡಿದು ಚಿತ್ರ ತೆಗೆಯುವ ಕ್ರಮ ತಂದರು; ಸೂಕ್ಷ್ಮ ಸುಣ್ಣದ ಕಣಗಳ ಮಹತ್ವವನ್ನು ಎತ್ತಿ ತೋರಿಸಿದರು. 1960ರಲ್ಲಿ ಅಮೆರಿಕದ ರಾಬರ್ಟ್ ಈಗನ್ ಸ್ಪಷ್ಟ ಚಿತ್ರದ ವಿಧಾನವನ್ನು ಪ್ರಕಟಿಸಿದ ಮೇಲೆ ಈ ಪರೀಕ್ಷೆ ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು.

ಹಾಲಿನ ನಾಳದಲ್ಲಿ ಹುಟ್ಟಿ ಹೊರಗೆ ಹರಡಿದ ಕ್ಯಾನ್ಸರ್ ಹೆಚ್ಚು ಸಾಮಾನ್ಯ. ಅದು ಸುತ್ತ ಮುಳ್ಳು ಎದ್ದ ಬಿಳಿ ಗಡ್ಡೆಯಂತೆ ಕಾಣುತ್ತದೆ. ನಾಳದೊಳಗೇ ಇರುವ ಆರಂಭದ ರೋಗ ಕೈಗೆ ಸಿಗುವುದು ಅಪರೂಪ. ಚಿತ್ರದಲ್ಲಿ ಕವಲೊಡೆದ ಸುಣ್ಣದ ಚುಕ್ಕೆಗಳು ಅದರ ಸುಳಿವು. ಲೋಳೆ ತುಂಬಿದ ಬಗೆಯದು ದುಂಡಗೆ, ನುಣುಪಾದ ಅಂಚಿನಿಂದ ಕಂಡು ನಿರಪಾಯದ ಗಂಟೆಂದು ಮೋಸಗೊಳಿಸಬಹುದು. ಹಾಲಿನ ಗ್ರಂಥಿಯ ಕಿರುಹಾಲೆಗಳ ಕ್ಯಾನ್ಸರಿನ ಕೋಶಗಳು ಒಂದರ ಹಿಂದೊಂದು ಸಾಲಾಗಿ ನುಸುಳುತ್ತವೆ. ಅದೇ ಆ ಹೆಚ್ಚಿನ ಎಳೆ! ಗಡ್ಡೆ ಕಾಣದೆ, ಅಂಗಾಂಶದ ರಚನೆ ಮಾತ್ರ ಕೊಂಚ ಸೊಟ್ಟಗಾಗಿರುತ್ತದೆ. ಉರಿಯೂತದ ಬಗೆಯಲ್ಲಿ ಚರ್ಮ ದಪ್ಪಗಾಗುತ್ತದೆ.

ಹರೆಯದವರಲ್ಲಿ ಸ್ತನದ ಅಂಗಾಂಶವೇ ದಟ್ಟ. ಚಿತ್ರದಲ್ಲಿ ಅದೂ ಬಿಳಿ, ಗಡ್ಡೆಯೂ ಬಿಳಿ. ಆದ್ದರಿಂದ ಚಿತ್ರದಲ್ಲಿ ಏನೂ ಇಲ್ಲವೆಂದರೂ ಕೈಗೆ ಗಂಟು ಸಿಕ್ಕಿದ್ದರೆ ಸುಮ್ಮನಿರಬಾರದು. ಸ್ಕ್ಯಾನಿಂಗ್ ಮತ್ತು ಸೂಜಿಯಿಂದ ತೆಗೆದ ತುಣುಕಿನ ಪರೀಕ್ಷೆ ಅಗತ್ಯ.

ಕರ್ನಾಟಕದಲ್ಲಿ 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾಯಿತು. 1997ರಲ್ಲಿ ಜಿಲ್ಲೆಯಾದ ಬಾಗಲಕೋಟೆಗೆ 2002ರಲ್ಲಿ ವೈದ್ಯಕೀಯ ಕಾಲೇಜು ಬಂತು. ಆದರೂ ಬಾದಾಮಿ, ಹುನಗುಂದದ ಹಳ್ಳಿಯ ಹೆಣ್ಣುಮಗಳಿಗೆ ಮೊದಲ ಪರೀಕ್ಷೆ ಯಂತ್ರದ್ದಲ್ಲ, ಕೈಯದು. 30 ದಾಟಿದವರ ಸ್ತನವನ್ನು ತರಬೇತಾದ ಆರೋಗ್ಯ ಸಿಬ್ಬಂದಿ ಕೈಯಿಂದ ಪರೀಕ್ಷಿಸಬೇಕೆಂಬುದೇ ಸರಕಾರಿ ಕಾರ್ಯಕ್ರಮದ ನಿಯಮ.

ಇದು ಬಡವರಿಗೆಂದು ಮಾಡಿದ ಕಡಿಮೆ ದರ್ಜೆಯ ಏರ್ಪಾಡಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿದ ಅಧ್ಯಯನದ ಫಲ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದಾಗ ರೋಗ ಬೇಗ ಪತ್ತೆಯಾಗಿ, 50 ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಶೇಕಡ 30ರ ಹತ್ತಿರ ಇಳಿದಿತ್ತು.

ಯಂತ್ರ ದೂರವಿರಬಹುದು. ಗಂಟು ಕಂಡರೂ ನಾಚಿಕೆಯಿಂದ ಮುಚ್ಚಿಟ್ಟು ಕಳೆಯುವ ತಿಂಗಳುಗಳು ಅದಕ್ಕಿಂತ ದುಬಾರಿ.