ಬೆಂಗಳೂರಲ್ಲಿ ಮನೆ ನೋಡುವವರು: ಪ್ಲೇಗಿನಿಂದ ಕಾವೇರಿವರೆಗೆ

ಮನೆ ಕೊಳ್ಳಲು ಹೊರಟವರ ಹಿಂದೆ ಸುಮ್ಮನೆ ಬಾಲದ ಹಾಗೆ ಹೋಗುವುದು ನನಗೊಂದು ಚಟ. ದುಡ್ಡು ಅವರದು, ತಲೆನೋವೂ ಅವರದು, ಕಾಫಿ ಮಾತ್ರ ನನಗೂ ಸಿಗುತ್ತದೆ :-) ಹೀಗೆ ಹೋದಾಗೆಲ್ಲ ನಾನು ಮನೆಗಿಂತ ಹೆಚ್ಚಾಗಿ ಗಮನಿಸುವುದು ಅವರು ಕೇಳುವ ಪ್ರಶ್ನೆಗಳನ್ನು. ಕಾವೇರಿ ನೀರಿದೆಯಾ? ಎ ಖಾತಾನಾ, ಬಿ ಖಾತಾನಾ? ಕಾರು ಎಲ್ಲಿ ನಿಲ್ಲಿಸೋದು? ಬಾಗಿಲು ಯಾವ ದಿಕ್ಕು? ಅಟ್ಯಾಚ್ಡ್ ಬಾತ್‌ರೂಮ್ ಎಷ್ಟು? ಇವೆಲ್ಲ ನಮ್ಮ ಕಾಲದ ಪ್ರಶ್ನೆಗಳು. ನೂರು ವರ್ಷದ ಹಿಂದೆ ಇದೇ ಊರಿನಲ್ಲಿ ಮನೆ ನೋಡಿದವರು ಕೇಳುತ್ತಿದ್ದದ್ದೇ ಬೇರೆ. ಜನ ಯಾವುದಕ್ಕೆ ಹೆದರಿದ್ದರು, ಯಾವುದಕ್ಕೆ ಪರದಾಡಿದ್ದರು ಅನ್ನುವುದೆಲ್ಲ ಅವರು ಮನೆಯಲ್ಲಿ ಹುಡುಕಿದ ಸೌಕರ್ಯಗಳಲ್ಲೇ ಗೊತ್ತಾಗಿಬಿಡುತ್ತದೆ ಅಂತ ನನ್ನ ಅಂಬೋಣ.

1898ರ ಆಗಸ್ಟ್‌ಗಿಂತ ಮುಂಚೆ ಹೋಗೋಣ. ಆಗ ಬೆಂಗಳೂರು ಅಂದರೆ ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಎಷ್ಟೋ ಮನೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಸಂಸಾರ. ಅಲ್ಲಿ ಮನೆ ಮಾಡುವವನಿಗೆ ಬೇಕಾದದ್ದು ಎರಡೇ: ಕಸುಬಿನ ಜಾಗಕ್ಕೆ ಹತ್ತಿರ ಇರಬೇಕು, ತನ್ನ ಜನರ ಕೇರಿಯಾಗಿರಬೇಕು. ಕಿಟಕಿ ಇದ್ದರಾಯಿತು, ಇಲ್ಲದಿದ್ದರೂ ಆಯಿತು. ಆ ಆಗಸ್ಟ್‌ನಲ್ಲಿ ಪ್ಲೇಗು ಬಂತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಊರಾಚೆ ಗುಡಿಸಲು ಹಾಕಿಕೊಂಡರು. ಸಾವಿರಾರು ಮಂದಿ ಸತ್ತರು.

ಮಲ್ಲೇಶ್ವರ, ಬಸವನಗುಡಿಗಳ ಯೋಚನೆ ಪ್ಲೇಗಿಗೂ ಮೊದಲೇ ಇತ್ತು. ಆದರೆ ಪೇಟೆಯ ಮನೆ ಬಿಟ್ಟು ಕಾಡಿನಂತಿದ್ದ ಜಾಗಕ್ಕೆ ಹೋಗುವ ಮನಸ್ಸು ಜನರಿಗೆ ಬರಲು ಆ ಮಾರಿಯೇ ಬರಬೇಕಾಯಿತು. ನೇರ ರಸ್ತೆ, ಅಡ್ಡರಸ್ತೆ, ಸುತ್ತ ಜಾಗ ಬಿಟ್ಟು ಕಟ್ಟಿದ ಒಂಟಿ ಮನೆ. ದಂಡಿನ ಕಡೆ ಇದೇ ಭಯದಲ್ಲಿ ಫ್ರೇಜರ್ ಟೌನ್ ಎದ್ದಿತು. ಇವತ್ತಿಗೂ ಮನೆ ನೋಡಿ ಬಂದವರು "ಗಾಳಿ ಬೆಳಕು ಚೆನ್ನಾಗಿದೆ ಕಣ್ರೀ" ಅನ್ನುತ್ತಾರಲ್ಲ, ಆ ಮಾತಿನೊಳಗೆ ನನಗೆ ಯಾವಾಗಲೂ ಒಂದು ಸತ್ತ ಇಲಿ ಕಾಣಿಸುತ್ತದೆ!

ಹೊಸ ಬಡಾವಣೆಯ ಮನೆಗಳ ಚಂದದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮುಸುಕು (ಮಂಕಿ ಟಾಪ್ ಅಂತಾರೆ), ಮಂಗಳೂರು ಹೆಂಚು, ಕೆಂಪು ಗಾರೆ ನೆಲ, ಜಗಲಿ. ನನಗೆ ಆಸಕ್ತಿ ಇರುವುದು ಹಿತ್ತಲಲ್ಲಿ. ಆ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಕಿರಿದಾದ ಗಲ್ಲಿ ಬಿಟ್ಟಿದ್ದರು, ಕನ್ಸರ್ವೆನ್ಸಿ ಲೇನು. ಕಕ್ಕಸು ಮನೆಯಿಂದ ದೂರ, ಹಿತ್ತಲ ಕೊನೆಯಲ್ಲಿ, ಆ ಗಲ್ಲಿಗೆ ಅಂಟಿಕೊಂಡು. ಮಲ ಹೊರುವವರು ಆ ಗಲ್ಲಿಯಿಂದಲೇ ಬಂದು, ಆ ಗಲ್ಲಿಯಿಂದಲೇ ಹೋಗಬೇಕು. ಮುಂಬಾಗಿಲ ರಸ್ತೆಯಲ್ಲಿ ಅವರು ಕಾಣಬಾರದು. ಸಂಪಿಗೆ ಮರ, ದೇವಸ್ಥಾನ, ಜಗಲಿಯ ಕಾಫಿ ಎಲ್ಲ ಮುಂದಿನ ರಸ್ತೆಗೆ. ಊರಿನ ಹೊಲಸು ಮತ್ತು ಅದನ್ನು ತಲೆಯ ಮೇಲೆ ಹೊತ್ತ ದಲಿತರು ಹಿಂದಿನ ಗಲ್ಲಿಗೆ. ಜಾತಿಯನ್ನು ನಕ್ಷೆಯಲ್ಲಿ ಅಳತೆ ಮಾಡಿ ಬರೆದ ಹಾಗೆ. ಮನೆ ಕೊಳ್ಳುವವನಿಗೆ ಆ ಗಲ್ಲಿ ಒಂದು ಸೌಕರ್ಯವೇ ಆಗಿತ್ತು ಅನ್ನುವುದನ್ನು ನಾವು, ಹಳೆ ಬೆಂಗಳೂರಿನ ನೆನಪಲ್ಲಿ ಕಣ್ಣು ತುಂಬಿಕೊಳ್ಳುವವರು, ಅಷ್ಟು ಸುಲಭವಾಗಿ ಬಾಯಿ ಬಿಟ್ಟು ಹೇಳುವುದಿಲ್ಲ.

ಒಳಚರಂಡಿ ಬಂದಂತೆ ಗಲ್ಲಿಯ ಕೆಲಸ ಮುಗಿಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ನಿಲ್ಲಿಸಲು ಹೊರಟವರು ದೇವರಾಜ ಅರಸರ ಸಂಪುಟದ ಬಿ. ಬಸವಲಿಂಗಪ್ಪ. ದೇಶಕ್ಕೆಲ್ಲ ಕಾನೂನು ಬರಲು 1993ರವರೆಗೆ ಕಾಯಬೇಕಾಯಿತು, ಆಮೇಲೆ 2013ರಲ್ಲಿ ಇನ್ನೊಂದು. ಗಲ್ಲಿಗಳು ಎಷ್ಟೋ ಕಡೆ ಗ್ಯಾರೇಜು, ಕಸದ ಗುಂಡಿಗಳಾದವು. ಕೆಲವನ್ನು ಅಕ್ಕಪಕ್ಕದವರು ಮೆಲ್ಲಗೆ ನುಂಗಿದರು.

ಕಕ್ಕಸು ಮಾತ್ರ ಹಿತ್ತಲಿಂದ ನಡೆದು ನಡೆದು ಮನೆಯೊಳಕ್ಕೆ ಬಂತು. ನಮ್ಮ ಸೋದರತ್ತೆಯ ಮಲ್ಲೇಶ್ವರದ ಮನೆಯಲ್ಲಿ ಮಲಗುವ ಕೋಣೆಗೆ ಸೇರಿಸಿ ಅದನ್ನು ಕಟ್ಟಿಸುವ ಮಾತು ಬಂದಾಗ ಅವರ ಅತ್ತೆ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲವಂತೆ. "ದೇವರ ಮನೆ ಇರೋ ಸೂರಿನಡಿಯಲ್ಲಿ ಅದೂ ಬೇಕೇನೋ?" ಅಂತ ನಾಲ್ಕನೇ ದಿನ ಮಗನನ್ನು ಕೇಳಿದರಂತೆ. ಮಂಡಿನೋವು ಜಾಸ್ತಿಯಾದ ಮೇಲೆ ಅದನ್ನು ಮೊದಲು ಬಳಸಿದವರೂ ಅವರೇ ಅನ್ನಿ. ಈಗ ನೋಡಿ, ಮೂರು ಕೋಣೆಯ ಫ್ಲ್ಯಾಟಿಗೆ ಮೂರು ಬಾತ್‌ರೂಮ್ ಇಲ್ಲದಿದ್ದರೆ ಜನ ಮೂಗು ಮುರಿಯುತ್ತಾರೆ.

ಇನ್ನು ನೀರು. ಪೇಟೆಯವರು ಧರ್ಮಾಂಬುಧಿ ಕೆರೆ (ಅದೇ, ಈಗಿನ ಮೆಜೆಸ್ಟಿಕ್ ಬಸ್ ನಿಲ್ದಾಣ), ಕಾರಂಜಿ, ಬಾವಿಗಳನ್ನು ನಂಬಿದ್ದರು. 1890ರ ದಶಕದಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ. ಆದರೂ ಹಿತ್ತಲ ಬಾವಿ ಇದ್ದ ಮನೆಗೆ ಬೆಲೆ ಇತ್ತು, ಬೇಸಿಗೆಯಲ್ಲಿ ಬತ್ತದ ಸಿಹಿನೀರಿನ ಬಾವಿ ಅಂದರಂತೂ ಮನೆಯ ಯಜಮಾನನಿಗೇ ಒಂದು ಗತ್ತು. ಬಾಡಿಗೆದಾರರ ವಠಾರಗಳಲ್ಲಿ ಒಂದೇ ನಲ್ಲಿಗೆ ಹತ್ತು ಕೊಡ. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲಕ್ಕೆತ್ತಿ ತಂದರು ನೋಡಿ, ಬಾವಿಯ ಮರ್ಯಾದೆ ಹೋಯಿತು. ಕಾರಿನ ಜಾಗಕ್ಕೆ ಬಾವಿ ಮುಚ್ಚಿಸಿದವರು ಎಷ್ಟು ಮಂದಿಯೋ! ಕಾವೇರಿ ದಿನಬಿಟ್ಟು ದಿನ ಬರಲು ಶುರುವಾದ ಮೇಲೆ ಅದೇ ನೆಲವನ್ನು ಅಗೆದು ಸಂಪು ಕಟ್ಟಿಸಿದರು. ಆಮೇಲೆ ಬೋರ್‌ವೆಲ್. 2009ರಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದಾಗ ಮತ್ತೆ ಗುಂಡಿ ತೋಡಿಸಿ, ಮಳೆ ನೀರನ್ನು ನೆಲಕ್ಕೆ ಇಳಿಸಿ ಅಂದರು.

ನಡುವೆ ಒಂದು ಕಾಲ ಬಂದು ಹೋಯಿತು, ಆಗ ಮನೆಗಿಂತ ಸೈಟೇ ದೊಡ್ಡದು. 1945ರಲ್ಲಿ ಸಿಐಟಿಬಿ ಶುರುವಾಯಿತು, 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಎಚ್‌ಎಎಲ್, ಐಟಿಐ, ಬಿಇಎಲ್ ನೌಕರರು ಅರ್ಜಿ ಹಾಕಿ, ತಿರಸ್ಕೃತವಾಗಿ, ಮತ್ತೆ ಅರ್ಜಿ ಹಾಕಿ, ನಿವೃತ್ತಿಯ ಹೊತ್ತಿಗೆ ಮೂವತ್ತು ನಲವತ್ತರ ಒಂದು ತುಂಡು ನೆಲ ಹಿಡಿದರು. ಅವರು ಕೇಳುತ್ತಿದ್ದದ್ದು ಒಂದೇ: "ಅಲಾಟ್‌ಮೆಂಟ್ ಸೈಟಾ, ರೆವಿನ್ಯೂ ಸೈಟಾ?" ಕಾಗದ ನೆಟ್ಟಗಿರುವುದೇ ಅವರಿಗೆ ಸೌಕರ್ಯ. ಪಿಂಚಣಿಯ ದುಡ್ಡು ಮುಳುಗಿದರೆ ಎರಡನೇ ಸಲ ದುಡಿಯಲು ಅವರಿಗೆ ಆಯಸ್ಸಿರಲಿಲ್ಲ. ಎ ಖಾತಾ, ಬಿ ಖಾತಾ ಅನ್ನುವ ಇಂದಿನ ಕಳವಳ ಅದರ ಮೊಮ್ಮಗು.

ವಾಸ್ತುವಿನ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. 1990ರ ದಶಕದಲ್ಲಿ ಅದರ ಅಬ್ಬರ ಏರಿದಾಗ, ನಲವತ್ತು ವರ್ಷ ಸುಖವಾಗಿ ಬಾಳಿದ ಮನೆಗಳ ಅಡುಗೆಮನೆಯನ್ನು ಒಡೆದು ಆಗ್ನೇಯಕ್ಕೆ ಸಾಗಿಸಿದ್ದನ್ನು ನೋಡಿದ್ದೇನೆ, ಅಷ್ಟು ಸಾಕು.

ಫ್ಲ್ಯಾಟುಗಳು ಬಂದ ಮೇಲೆ ಜಗಲಿ ಹೋಗಿ ಬಾಲ್ಕನಿ ಬಂತು, ಹಿತ್ತಲು ಹೋಗಿ ಯುಟಿಲಿಟಿ ಬಂತು. "ಸೂಪರ್ ಬಿಲ್ಟಪ್" ಅನ್ನುವ ಲೆಕ್ಕದಲ್ಲಿ ಲಿಫ್ಟು, ಮೆಟ್ಟಿಲಿಗೂ ದುಡ್ಡು ತೆತ್ತವರ ಗೋಳಿಗೆ 2016ರ ರೇರಾ ಕಾಯ್ದೆ ಸ್ವಲ್ಪ ಕಡಿವಾಣ ಹಾಕಿತು. ಕಾರ್ಪೆಟ್ ಏರಿಯಾ ಎಷ್ಟು ಅಂತ ಬಿಲ್ಡರ್ ಹೇಳಲೇಬೇಕು. ಆದರೆ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಕೆಲವು ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟು. ಬೇಸ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅದರ ಗುಂಡಿಗೆ ಇಳಿದು ಬೆಂಗಳೂರಿನಲ್ಲೇ ಕಾರ್ಮಿಕರು ಸತ್ತಿದ್ದಾರೆ. ಮನೆ ನೋಡುವಾಗ ಜಿಮ್ಮಿದೆಯಾ, ಈಜುಕೊಳ ಇದೆಯಾ ಅಂತ ಕೇಳಿದವರನ್ನು ಬೇಕಾದಷ್ಟು ಕಂಡೆ. ಆ ಗುಂಡಿಗೆ ಯಾರು ಇಳಿಯುತ್ತಾರೆ, ಹೇಗೆ ಇಳಿಯುತ್ತಾರೆ ಅಂತ ಕೇಳಿದವರನ್ನು ಇದುವರೆಗೆ ಒಬ್ಬರನ್ನೂ ಕಂಡಿಲ್ಲ. ಕನ್ಸರ್ವೆನ್ಸಿ ಗಲ್ಲಿ ಹೋಗಲಿಲ್ಲ, ನೆಲಮಾಳಿಗೆಗೆ ಇಳಿಯಿತು.

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟಿನವರೂ ಟ್ಯಾಂಕರಿಗೆ ಕಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ಊರಿಗೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವ ಯೋಜನೆ. ಆಮೇಲಿಂದ ನಾನು ಬಾಲವಾಗಿ ಹೋದ ಕಡೆಯಲ್ಲೆಲ್ಲ ಮೊದಲ ಪ್ರಶ್ನೆ ನೀರಿನದೇ. ಬಸವನಗುಡಿಯ ಹಳೆ ಮನೆಯೊಂದರಲ್ಲಿ ಕಲ್ಲುಚಪ್ಪಡಿ ಸರಿಸಿ, ಬಗ್ಗಿ, ಒಳಗೆ ಸಣ್ಣ ಕಲ್ಲೊಂದನ್ನು ಹಾಕಿ ಕಿವಿಗೊಟ್ಟವರನ್ನೂ ನೋಡಿದೆ. ಬುಳುಕ್ ಅಂದಿತು.

ಮೈಸೂರು, ಹುಬ್ಬಳ್ಳಿ, ಮಂಗಳೂರು ಕಡೆಯ ಬ್ಲಾಗಿಗರೇ, ನಿಮ್ಮೂರಲ್ಲಿ ಮನೆ ನೋಡುವವರು ಮೊದಲು ಕೇಳೋದೇನು? ನಿಮ್ಮ ಅಜ್ಜ ಏನು ಕೇಳಿದ್ದರು? ಬರೆಯಿರಿ, ಓದೋಣ.