ಬಣ್ಣದ ಕುಲದಲ್ಲಿ ಹುಟ್ಟಿದ ಜ್ವರೌಷಧ

ಶ್ರೀರಂಗಪಟ್ಟಣದ ಚರಿತ್ರೆಯನ್ನು ಬರೆಯುವವರು ಕೋಟೆಕೊತ್ತಲಗಳನ್ನೂ ಕದನಗಳನ್ನೂ ವರ್ಣಿಸುವರೇ ಹೊರತು, ಆ ದ್ವೀಪವನ್ನು ಸದ್ದಿಲ್ಲದೆ ಪೀಡಿಸಿದ ಇನ್ನೊಂದು ಶತ್ರುವಿನ ವಿಷಯವನ್ನು ವಿಸ್ತರಿಸುವುದು ಅಪೂರ್ವ. 1799ರಲ್ಲಿ ಕೋಟೆಯನ್ನು ಹಿಡಿದ ಇಂಗ್ಲಿಷರು 1809ರಲ್ಲಿಯೇ ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸತೊಡಗಿದರು. ಇದಕ್ಕೆ ಇಲ್ಲಿಯ ಚಳಿಜ್ವರವೂ ಒಂದು ಮುಖ್ಯ ಕಾರಣ. ತಾವು ಸೋತುದು ಸೊಳ್ಳೆಗೆಂಬುದು ಮಾತ್ರ ಆಗ ಅವರಿಗೆ ತಿಳಿಯದು.

ನಮ್ಮ ಪೂರ್ವಿಕರಿಗೆ ಈ ವ್ಯಾಧಿಯ ಪರಿಚಯ ಚೆನ್ನಾಗಿತ್ತು. ಆಯುರ್ವೇದವು ಇಂಥ ಜ್ವರಗಳನ್ನು ವಿಷಮಜ್ವರವೆಂದು ಕರೆದು, ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕಗಳೆಂದು ಐದು ಬಗೆಯಾಗಿ ವಿಂಗಡಿಸಿದೆ. ಬಿಟ್ಟಂತೆ ತೋರಿ ಮರಳಿ ಬರುವುದೇ ಇದರ ಸ್ವಭಾವ. ಪಶ್ಚಿಮ ದೇಶದವರಿಗೆ ದೊರೆತ ಮದ್ದು ಸಿಂಕೋನಾ ಮರದ ತೊಗಟೆ. ಅದರ ಸಾರವಾದ ಕ್ವಿನೈನನ್ನು 1820ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ, ಕಾವೆಂತೂ ಎಂಬವರು ಬೇರ್ಪಡಿಸಿದರು.

ಮರವನ್ನು ಬೆಳೆಸದೆಯೇ ಕ್ವಿನೈನನ್ನು ಮಾಡಬಹುದೇ? ಲಂಡನ್ನಿನಲ್ಲಿ ಹದಿನೆಂಟು ವಯಸ್ಸಿನ ವಿಲಿಯಂ ಪರ್ಕಿನ್ ಎಂಬ ವಿದ್ಯಾರ್ಥಿ 1856ರಲ್ಲಿ ಈ ಸಾಹಸಕ್ಕೆ ತೊಡಗಿದನು. ಕಲ್ಲಿದ್ದಲಿನ ಟಾರಿನಿಂದ ದೊರೆಯುವ ಅನಿಲೀನ್ ಎಂಬ ದ್ರವ್ಯದ ಮೇಲೆ ಅವನು ಪ್ರಯೋಗ ನಡೆಸಲು, ಕ್ವಿನೈನು ಬರಲಿಲ್ಲ. ಕಪ್ಪು ಗಸಿಯೊಂದು ಉಳಿಯಿತು. ಅದರಿಂದ ರೇಷ್ಮೆಗೆ ಹಿಡಿಯುವ ಸೊಗಸಾದ ನೇರಿಳೆ ಬಣ್ಣ ದೊರೆಯಿತು. ಕೃತಕ ಬಣ್ಣಗಳ ದೊಡ್ಡ ಉದ್ಯಮಕ್ಕೆ ಇದೇ ನಾಂದಿ. ಅನಿಲೀನ್ ಎಂಬ ಹೆಸರಿನ ಮೂಲವು ನಮ್ಮ ಸಂಸ್ಕೃತದ ನೀಲ ಶಬ್ದವೆಂಬುದನ್ನು ವಾಚಕರು ಗಮನಿಸಬೇಕು. ನೀಲಿಯ ಗಿಡದ ಹೆಸರು ಅರಬ್ಬೀ, ಪೋರ್ಚುಗೀಸ್ ನುಡಿಗಳ ಮೂಲಕ ಯೂರೋಪನ್ನು ಸೇರಿತು.

ಔಷಧವನ್ನು ಅರಸಹೋದವನಿಗೆ ಬಣ್ಣ ಸಿಕ್ಕಿತಷ್ಟೆ. ಆ ಬಣ್ಣದ ಕುಲವೇ ಮುಂದೆ ಔಷಧವನ್ನು ಹೆತ್ತಿತು. 1880ರಲ್ಲಿ ಲಾವೆರನ್ನನು ರೋಗಿಯ ರಕ್ತದಲ್ಲಿ ಮಲೇರಿಯಾ ಕ್ರಿಮಿಯನ್ನು ಕಂಡನು. 1897ರಲ್ಲಿ ರೊನಾಲ್ಡ್ ರಾಸನು ನೆರೆಯ ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಒಡಲಲ್ಲಿ ಕಂಡನು. ಈ ನಡುವೆ ಜರ್ಮನಿಯ ಪಾಲ್ ಎರ್ಲಿಕ್ ಎಂಬ ವೈದ್ಯನು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಈ ಕ್ರಿಮಿಯು ವಿಶೇಷವಾಗಿ ಹೀರಿಕೊಳ್ಳುವುದನ್ನು ನೋಡಿದನು. ಬಣ್ಣವು ಕ್ರಿಮಿಗೆ ಅಂಟುವುದಾದರೆ ಅದೇ ಬಣ್ಣವು ಕ್ರಿಮಿಯನ್ನು ಕೊಲ್ಲಲಾರದೇ ಎಂಬುದು ಅವನ ತರ್ಕ. 1891ರಲ್ಲಿ ಅವನೂ ಗುಟ್‌ಮನ್ನನೂ ಬರ್ಲಿನ್ನಿನಲ್ಲಿ ಇಬ್ಬರು ರೋಗಿಗಳಿಗೆ ಅದನ್ನು ಕೊಡಲು, ಇಬ್ಬರೂ ಗುಣಹೊಂದಿದರು. ಆದರೂ ಕ್ವಿನೈನಿನ ಬಲ ಅದಕ್ಕಿರಲಿಲ್ಲ.

ಬೇಯರ್ ಕಂಪನಿಯ ಶುಲೆಮನ್ ಮತ್ತು ಅವನ ಸಂಗಡಿಗರು ಮೆಥಿಲೀನ್ ಬ್ಲೂವಿನ ಅಣುವಿಗೆ ಹೊಸದೊಂದು ಬಾಲವನ್ನು ಜೋಡಿಸಿ, ಅದರ ಶಕ್ತಿ ಹೆಚ್ಚುವುದನ್ನು ಕಂಡರು. ಬಳಿಕ ಅಂಥದೇ ಬಾಲವನ್ನು ಕ್ವಿನೈನಿನ ತಿರುಳಾದ ಕ್ವಿನೊಲೀನಿಗೆ ಜೋಡಿಸಿದಾಗ, 1920ರ ದಶಕದ ಮಧ್ಯದಲ್ಲಿ, ಪ್ಲಾಸ್ಮೋಕಿನ್ ಎಂಬ ಔಷಧ ಹುಟ್ಟಿತು. ಅಕ್ರಿಡೀನ್ ಎಂಬ ಹಳದಿ ಬಣ್ಣಗಳ ವರ್ಗದಿಂದ 1930ರ ದಶಕದ ಮೊದಲಲ್ಲಿ ಅಟೆಬ್ರಿನ್ ಬಂದಿತು. 1934ರಲ್ಲಿ ಆಂಡರ್ಸಾಗನು ಕ್ಲೋರೋಕ್ವಿನನ್ನು ಮಾಡಿದನು.

ಅದೇ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿಯತೊಡಗಿತು. ಆಗ ಫ್ರೆಂಚ್ ರಾಕ್ಸ್ ಎನಿಸಿದ್ದ ಪಾಂಡವಪುರದಿಂದ ಮಂಡ್ಯದತ್ತ ಬತ್ತವೂ ಕಬ್ಬೂ ಬೆಳೆದುವು. ನೀರಿನ ಬೆನ್ನ ಹಿಂದೆಯೇ ಸೊಳ್ಳೆಯೂ ಬಂದಿತು. ಮೈಸೂರು ಸರ್ಕಾರವು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವನ್ನು ಪಡೆಯಿತು. ಡಾಕ್ಟರ್ ಸ್ವೀಟ್ ಮತ್ತು ಡಾಕ್ಟರ್ ಬಿ. ಎ. ರಾವ್ ಅವರು ಸಂಸ್ಥಾನದ ಮಲೇರಿಯಾವನ್ನೂ ನೀರಾವರಿಗೂ ಅದಕ್ಕೂ ಇರುವ ಸಂಬಂಧವನ್ನೂ ಪರಿಶೋಧಿಸಿದರು. ಸೊಳ್ಳೆಯ ಮರಿಗಳನ್ನು ಕೊಲ್ಲಲು ನೀರಿನ ಮೇಲೆ ಎರಚುತ್ತಿದ್ದ ಪ್ಯಾರಿಸ್ ಗ್ರೀನ್ ಕೂಡ ಮೂಲತಃ ಬಣ್ಣಗಾರರ ಹಸುರೇ.

1942ರಲ್ಲಿ ಜಾವಾ ದ್ವೀಪವು ಜಪಾನೀಯರ ವಶವಾಗಲು ಕ್ವಿನೈನಿನ ಬೊಕ್ಕಸವೇ ಮುಚ್ಚಿದಂತಾಯಿತು. ಆಗ ಮಿತ್ರಪಕ್ಷದ ಸೈನಿಕರು ಮೈ ಹಳದಿಯಾದರೂ ಅಟೆಬ್ರಿನ್ ನುಂಗಿ ಕಾದಿದರು. ಯುದ್ಧಾನಂತರ ಕ್ಲೋರೋಕ್ವಿನ್ ಲೋಕವಿಖ್ಯಾತವಾಯಿತು. ಕಾಲಕ್ರಮೇಣ ಕ್ರಿಮಿಯ ಒಂದು ಜಾತಿಯು ಅದನ್ನು ಜಯಿಸಿತು. ಅದಕ್ಕೆ ಚೀನಾದ ಮೂಲಿಕೆಯಿಂದ 1972ರಲ್ಲಿ ಬೇರ್ಪಡಿಸಿದ ಆರ್ಟೆಮಿಸಿನಿನ್ ವರ್ಗದ ಔಷಧಗಳು ಈಗ ಬಳಕೆಯಲ್ಲಿವೆ.

ಇನ್ನೊಂದು ಜಾತಿಯಾದ ವೈವಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು, ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಈ ಅಡಗಿದ ಶತ್ರುವನ್ನು ಕ್ವಿನೈನೂ ಕ್ಲೋರೋಕ್ವಿನೂ ಮುಟ್ಟಲಾರವು. ಅದನ್ನು ಕೊಲ್ಲುವುದು ಪ್ಲಾಸ್ಮೋಕಿನ್ನಿನ ಕುಲದ ಪ್ರೈಮಾಕ್ವಿನ್. ನಮ್ಮ ದೇಶದಲ್ಲಿ ಇದನ್ನು ಹದಿನಾಲ್ಕು ದಿನ ಕೊಡುವ ಕ್ರಮವಿದೆ. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಕೊಡರು. ಮೂರನೆಯ ದಿನಕ್ಕೆ ಮೈ ತಣ್ಣಗಾದೊಡನೆ ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮರೆಯುವವರು ಬಹುಮಂದಿ. ಅಂಥವರ ಮನೆಗೆ ವಿಷಮಜ್ವರವು ಮರಳಿ ಬಂದರೆ ಸೋಜಿಗವೇನು?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ತೆಗೆದ ರಕ್ತದ ಹನಿಗೆ ಇಂದಿಗೂ ಆ ನೀಲಿ ಬಣ್ಣದ ವರ್ಗದ ರಂಗನ್ನೇ ಲೇಪಿಸಿ ಕ್ರಿಮಿಯನ್ನು ಗುರುತಿಸುತ್ತಾರೆ. ಜ್ವರ ಬಂದಾಗ ಆ ಪರೀಕ್ಷೆಯನ್ನು ಮಾಡಿಸಿರಿ. ವೈದ್ಯರು ವಿಧಿಸಿದಷ್ಟು ದಿನವೂ ಔಷಧವನ್ನು ಸೇವಿಸಿರಿ. ಋಣಶೇಷ, ಅಗ್ನಿಶೇಷ, ವ್ಯಾಧಿಶೇಷಗಳನ್ನು ಉಳಿಸಬಾರದೆಂದು ಹಿರಿಯರು ಹೇಳಿದುದು ಈ ಜ್ವರಕ್ಕೆ ಒಪ್ಪುವಷ್ಟು ಬೇರೊಂದಕ್ಕೆ ಒಪ್ಪದು.